ಚರ್ಚಿನ ಒಳಗೋಡೆ ಮನೆಯ ಹೊರಗೋಡೆ ಆದದ್ದು: ಲೇಕಾಕ್ ಅಬ್ಬಿಯ ಏಳು ಶತಮಾನ

ಚಿತ್ರಗಳನ್ನು ತೋರಿಸುತ್ತಾ ನಾನು ಆಡಿದ ಮಾತಿನ ಬರಹರೂಪ ಇದು. ಈ ಗೋಡೆಯಿಂದಲೇ ಶುರು ಮಾಡೋಣ. ತೆರೆಯ ಮೇಲೆ ಕಾಣುತ್ತಿರುವುದು ಲೇಕಾಕ್ ಅಬ್ಬಿ ಎಂಬ ಮನೆಯ ದಕ್ಷಿಣದ ಮುಖ. ಅಬ್ಬಿ ಅಂದರೆ ಕ್ರೈಸ್ತ ಮಠ. ಇಂಗ್ಲೆಂಡಿನ ವಿಲ್ಟ್‌ಶೈರ್ ಜಿಲ್ಲೆಯಲ್ಲಿ, ಚಿಪ್ಪನ್‌ಹ್ಯಾಮ್ ಊರಿನ ದಕ್ಷಿಣಕ್ಕೆ, ಏವನ್ ನದಿಯ ಪಕ್ಕದಲ್ಲಿ ಇದೆ. ಮುಂದೆ ಹುಲ್ಲುಹಾಸು. ಉದ್ದಕ್ಕೆ ಒಂದು ಕಲ್ಲಿನ ಗೋಡೆ. ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಮೂರು ಕಿಟಕಿ. ಬಲಗಡೆ ತುದಿಗೆ ಎಂಟು ಮೂಲೆಯ ಗೋಪುರ. ಮೊದಲ ನೋಟಕ್ಕೆ, ಯಾರೋ ಒಬ್ಬ ದೊಡ್ಡ ಜಮೀನ್ದಾರ ಒಂದೇ ಸಲಕ್ಕೆ ಕೂತು ಕಟ್ಟಿಸಿದ ಬಂಗಲೆ ಅನ್ನಿಸುತ್ತದೆ ಅಲ್ವಾ?

ಆದರೆ ಗೋಡೆ 13ನೇ ಶತಮಾನದ್ದು, ಗೋಪುರ 16ನೇ ಶತಮಾನದ್ದು, ಕಿಟಕಿಗಳು 19ನೇ ಶತಮಾನದವು. ಇನ್ನೊಂದು ವಿಷಯ ಇದೆ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ಈ ಗೋಡೆ ಕಟ್ಟಿದಾಗ ನೀವು ಈಗ ನೋಡುತ್ತಿರುವ ಮುಖ ಹೊರಗಡೆ ಇರಲೇ ಇಲ್ಲ. ಅದು ಒಂದು ಚರ್ಚಿನ ಒಳಮೈ. ಹುಲ್ಲು ಬೆಳೆದಿರುವ ಜಾಗದಲ್ಲಿ ಚರ್ಚಿನ ನೆಲ ಇತ್ತು, ಅಲ್ಲಿ ನಿಂತು ಸನ್ಯಾಸಿನಿಯರು ದಿನಕ್ಕೆ ಹಲವು ಸಲ ಪ್ರಾರ್ಥನೆ ಹಾಡುತ್ತಿದ್ದರು. ಚರ್ಚು ಹೋಯಿತು, ಅದರ ಉತ್ತರದ ಗೋಡೆ ಒಂದು ಮಾತ್ರ ಉಳಿಯಿತು. ಅದರ ಬೆನ್ನಿಗೆ ಮನೆ ಇತ್ತು ಅಂತ ಉಳಿಯಿತು.

ಹಳೆಯ ಕಟ್ಟಡ ಎಂದರೆ ಯಾರೂ ಮುಟ್ಟದೆ ಬಿಟ್ಟಿದ್ದು ಎಂದುಕೊಳ್ಳುತ್ತೇವೆ. ಲೇಕಾಕ್ ನೋಡಿದ ಮೇಲೆ ನನಗೆ ಅದರಲ್ಲಿ ನಂಬಿಕೆ ಹೋಗಿದೆ. ಇಲ್ಲಿ ಪ್ರತಿ ಒಡೆಯನೂ ಕೈ ಹಾಕಿದ. ಕೆಡವಿದ, ಮುಚ್ಚಿದ, ತೂತು ಕೊರೆದ, ಮೇಲೆ ಕಟ್ಟಿದ. ಆ ಕಾರಣಕ್ಕೇ ಕಟ್ಟಡ ಬಳಕೆಯಲ್ಲಿ ಉಳಿಯಿತು, ಬಳಕೆಯಲ್ಲಿ ಇದ್ದದ್ದರಿಂದ ನಿಂತಿತು. ಇದನ್ನೇ ಒಂದೊಂದು ಕಾಲ ಹಿಡಿದು ತೋರಿಸುತ್ತಾ ಹೋಗುತ್ತೇನೆ.

ಮೊದಲು ಎಲಾ. ಸಾಲ್ಸ್‌ಬರಿಯ ಕೌಂಟೆಸ್, ಅಂದರೆ ಶ್ರೀಮಂತ ಮನೆತನದ ದೊಡ್ಡ ಪದವಿ ಇದ್ದವಳು. ಪದವಿ ಗಂಡನಿಂದ ಬಂದದ್ದಲ್ಲ, ಆಕೆಯದೇ. ಗಂಡ ವಿಲಿಯಂ ಲಾಂಗೆಸ್ಪೇ, ಎರಡನೇ ಹೆನ್ರಿ ರಾಜನಿಗೆ ಮದುವೆಯ ಆಚೆ ಹುಟ್ಟಿದ ಮಗ. 1226ರಲ್ಲಿ ತೀರಿಕೊಂಡ. ಸಾಲ್ಸ್‌ಬರಿಯ ದೊಡ್ಡ ಚರ್ಚಿನಲ್ಲಿ ಮೊದಲು ಸಮಾಧಿಯಾದವನು ಅವನೇ. ಎಲಾ ಮತ್ತೆ ಮದುವೆ ಆಗಲಿಲ್ಲ. ವಿಲ್ಟ್‌ಶೈರಿನ ಶೆರಿಫ್, ಅಂದರೆ ರಾಜನ ಪರವಾಗಿ ಜಿಲ್ಲೆ ನೋಡಿಕೊಳ್ಳುವ ಅಧಿಕಾರಿಯ ಹುದ್ದೆಯನ್ನೂ ತಾನೇ ನಿಭಾಯಿಸಿದಳು. ಆ ಕಾಲಕ್ಕೆ ಒಬ್ಬ ಹೆಂಗಸು ಅದನ್ನು ಮಾಡಿದ್ದು ದೊಡ್ಡ ಮಾತು. 1232ರ ಏಪ್ರಿಲ್‌ನಲ್ಲಿ ಲೇಕಾಕ್‌ನಲ್ಲಿ ಸನ್ಯಾಸಿನಿಯರ ಮಠಕ್ಕೆ ಅಡಿಗಲ್ಲು ಹಾಕಿಸಿದಳು. ಬೆಳಿಗ್ಗೆ ಇಲ್ಲಿ ಮುಗಿಸಿ, ಅದೇ ದಿನ ಮಧ್ಯಾಹ್ನ ಹಿಂಟನ್ ಎಂಬಲ್ಲಿ ಸನ್ಯಾಸಿಗಳಿಗೆ ಇನ್ನೊಂದು ಮಠ ಶುರು ಮಾಡಿಸಿದಳು ಅಂತ ಹೇಳುತ್ತಾರೆ. ಕೆಲವು ವರ್ಷದ ನಂತರ ತಾನೇ ಲೇಕಾಕ್ ಸೇರಿ, ಮಠದ ಮೊದಲ ಅಬ್ಬೆಸ್, ಅಂದರೆ ಹಿರಿಯ ಮುಖ್ಯಸ್ಥೆ ಆದಳು. 1261ರಲ್ಲಿ ತೀರಿಕೊಂಡಳು. ಆಕೆಯದು ಎನ್ನುವ ಸಮಾಧಿ ಕಲ್ಲು ಈಗ ಮಠದ ಮೊಗಸಾಲೆಯಲ್ಲಿದೆ. ಮೊದಲು ಚರ್ಚಿನೊಳಗಿತ್ತು. ಚರ್ಚು ಹೋದಾಗ ಕಲ್ಲು ಒಳಗೆ ಬಂತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಮ್ಯಾಗ್ನಾ ಕಾರ್ಟಾ ಕೇಳಿದ್ದೀರಲ್ಲ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಒಪ್ಪಂದ. ಮೊದಲನೆಯದು 1215ರದ್ದು. ಅದನ್ನು ತಿದ್ದಿ ಮತ್ತೆ ಹೊರಡಿಸಿದ್ದು 1225ರಲ್ಲಿ. ಆ 1225ರ ಪ್ರತಿಗಳಲ್ಲಿ ಒಂದು ಇದೇ ಮನೆಯಲ್ಲಿ ಏಳುನೂರು ವರ್ಷ ಇತ್ತು. ಜಿಲ್ಲೆಗಳಿಗೆ ಕಳಿಸಿದ ಪ್ರತಿ ಶೆರಿಫ್ ಕೈ ಸೇರುತ್ತಿತ್ತು, ಎಲಾ ಮನೆತನದ ಕೈಲಿ ಆ ಹುದ್ದೆ ಇತ್ತು. ಮಠ ಮುಚ್ಚಿತು, ಒಡೆಯರು ಬದಲಾದರು, ಚರ್ಚೇ ನೆಲಸಮ ಆಯಿತು. ಆ ಚರ್ಮದ ಹಾಳೆ ಮಾತ್ರ ಎಲ್ಲೂ ಹೋಗಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಸರಿ, ಮಠದ ನಕ್ಷೆ. ನಡುವೆ ಚೌಕಾಕಾರದ ತೆರೆದ ಅಂಗಳ, ಸುತ್ತ ಕಮಾನಿನ ಮೊಗಸಾಲೆ. ಇದಕ್ಕೆ ಕ್ಲಾಯ್‌ಸ್ಟರ್ ಎನ್ನುತ್ತಾರೆ. ನಮ್ಮ ತೊಟ್ಟಿ ಮನೆ ಕಂಡವರಿಗೆ ಇದು ಬೇಗ ಅರ್ಥ ಆಗುತ್ತದೆ, ಎಲ್ಲ ಕೋಣೆಗಳ ಬಾಗಿಲೂ ಅಂಗಳದ ಕಡೆಗೆ. ಸಾಮಾನ್ಯವಾಗಿ ಇಂಗ್ಲೆಂಡಿನ ಮಠಗಳಲ್ಲಿ ಚರ್ಚು ಅಂಗಳದ ಉತ್ತರಕ್ಕೆ ಇರುತ್ತದೆ, ಅದರ ನೆರಳು ಅಂಗಳದ ಮೇಲೆ ಬೀಳಬಾರದು ಅಂತ. ಲೇಕಾಕ್‌ನಲ್ಲಿ ಮಾತ್ರ ಚರ್ಚು ದಕ್ಷಿಣಕ್ಕೆ ಇತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಪೂರ್ವದ ಸಾಲಿನಲ್ಲಿ ಪೂಜಾ ಸಾಮಗ್ರಿಯ ಕೋಣೆ, ಸಭೆ ಸೇರುವ ಕೋಣೆ, ಮತ್ತೆ ಚಳಿ ಕಾಯಿಸುವ ಕೋಣೆ. ಚಳಿ ಕಾಯಿಸುವ ಕೋಣೆಯಲ್ಲಿ ಈಗ ಒಂದು ದೊಡ್ಡ ಲೋಹದ ಹಂಡೆ ಇಟ್ಟಿದ್ದಾರೆ. ಇಂದಿನ ಬೆಲ್ಜಿಯಂನ ಮೆಕೆಲೆನ್ ಊರಲ್ಲಿ 1500ರಲ್ಲಿ ಎರಕ ಹೊಯ್ದದ್ದು, ಗಂಟೆ ಮಾಡುವ ಲೋಹದಲ್ಲಿ. ಮಹಡಿ ಮೇಲೆ ಮಲಗುವ ಸಾಲು, ಊಟದ ಹಾಲ್, ಮುಖ್ಯಸ್ಥೆಯ ಕೋಣೆಗಳು.

ಮಠ ಇದ್ದಾಗಲೂ ಕಟ್ಟಡ ಹಾಗೇ ನಿಂತಿರಲಿಲ್ಲ. 15ನೇ ಶತಮಾನದಲ್ಲಿ ಸನ್ಯಾಸಿನಿಯರೇ ಮೊಗಸಾಲೆಯನ್ನು ಹೊಸದಾಗಿ ಕಟ್ಟಿಸಿದರು. ಈಗ ನಾವು ತಲೆ ಎತ್ತಿ ನೋಡಿ ಮೆಚ್ಚುವ ಕಲ್ಲಿನ ಚಾವಣಿ ಆ ಕಾಲದ್ದು. ಬಲೆಯ ಹಾಗೆ ಹರಡಿದ ಕಲ್ಲಿನ ಪಕ್ಕೆಲುಬುಗಳು, ಅವು ಕೂಡುವ ಕಡೆಯಲ್ಲೆಲ್ಲ ಒಂದೊಂದು ಕೆತ್ತಿದ ಕಲ್ಲಿನ ಗುಂಡು. ಅಂಗಳದ ಸುತ್ತಲಿನ ಕೋಣೆಗಳಿಗೂ ಈ ಚಾವಣಿಗೂ ಇನ್ನೂರು ವರ್ಷದ ಅಂತರ. ಹಾಗಾಗಿ ಇಲ್ಲಿ ನಿಂತು ‘ಮೂಲ ಮಠ’ ಎಂದು ಬೆರಳು ತೋರಿಸುವಾಗಲೂ ಎರಡು ಕಾಲವನ್ನು ಒಟ್ಟಿಗೆ ತೋರಿಸುತ್ತಿರುತ್ತೇವೆ.

ಆಮೇಲೆ ಎಂಟನೇ ಹೆನ್ರಿ. ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ, 1536ರಿಂದ 1540ರ ಒಳಗೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿದ. ಲೇಕಾಕ್ 1539ರ ಜನವರಿಯವರೆಗೆ ತಡೆಯಿತು. ಆಮೇಲೆ ಅದೂ ಶರಣಾಯಿತು. ಮರುವರ್ಷ ವಿಲಿಯಂ ಶೇರಿಂಗ್ಟನ್ ಎಂಬ ಆಸ್ಥಾನಿಕ 783 ಪೌಂಡ್ ಕೊಟ್ಟು ಕೊಂಡುಕೊಂಡ.

ಹೀಗೆ ಮಠ ಕೊಂಡವರು ದೇಶದ ತುಂಬ ಇದ್ದರು. ಅವರ ಮುಂದಿದ್ದ ಪ್ರಶ್ನೆ ಒಂದೇ: ಇಷ್ಟು ದೊಡ್ಡ ಕಟ್ಟಡವನ್ನು ಏನು ಮಾಡುವುದು? ಉತ್ತರ ಒಬ್ಬೊಬ್ಬರದು ಒಂದೊಂದು. ಡೆವನ್‌ನ ಬಕ್‌ಲ್ಯಾಂಡ್ ಅಬ್ಬಿಯಲ್ಲಿ ಗ್ರೆನ್‌ವಿಲ್ ಮನೆತನದವರು ಚರ್ಚಿನ ಒಳಗೇ ಮಹಡಿಗಳನ್ನು ಹಾಕಿ ಅದನ್ನೇ ಮನೆ ಮಾಡಿಕೊಂಡರು. ಚರ್ಚಿನ ಗೋಪುರ ಇವತ್ತಿಗೂ ಮನೆಯ ನಡುವಿನಿಂದ ಎದ್ದು ನಿಂತಿದೆ. ಶೇರಿಂಗ್ಟನ್ ಮಾಡಿದ್ದು ಇದಕ್ಕೆ ತಿರುಗುಮುರುಗು. ಚರ್ಚನ್ನು ಕೆಡವಿದ, ಸನ್ಯಾಸಿನಿಯರು ವಾಸ ಇದ್ದ ಭಾಗವನ್ನು ಇಟ್ಟುಕೊಂಡ. ಲೆಕ್ಕ ಸರಳ. ವಾಸದ ಭಾಗದಲ್ಲಿ ಕೋಣೆ, ಮೆಟ್ಟಿಲು, ಒಲೆ, ಎಲ್ಲ ಸಿದ್ಧ ಇವೆ. ಚರ್ಚು ಎಂದರೆ ಎತ್ತರದ ಒಂದು ಖಾಲಿ ಜಾಗ, ಅದರಿಂದ ಸಿಗುವುದು ಕಲ್ಲು, ಮರ, ಚಾವಣಿಯ ಸೀಸ. ಆದರೆ ಚರ್ಚಿನ ಉತ್ತರದ ಗೋಡೆಗೆ ಮೊಗಸಾಲೆ ಅಂಟಿಕೊಂಡಿತ್ತು. ಅದನ್ನು ಕೆಡವಿದ್ದರೆ ಮನೆಗೆ ಒಂದು ಪಕ್ಕವೇ ಇರುತ್ತಿರಲಿಲ್ಲ. ಹಾಗಾಗಿ ಅದೊಂದನ್ನು ಬಿಟ್ಟ. ಚರ್ಚು ದಕ್ಷಿಣಕ್ಕೆ ಇತ್ತಲ್ಲ, ಅದು ಹೋದ ಮೇಲೆ ಮನೆಗೆ ಬಿಸಿಲು ಬೀಳುವ ದಕ್ಷಿಣದ ಮುಖ ಬಿಟ್ಟಿಯಾಗಿ ಸಿಕ್ಕಿತು. ಇಂಗ್ಲೆಂಡಿನ ಹವೆಯಲ್ಲಿ ಅದರ ಬೆಲೆ ಏನು ಅಂತ ಅಲ್ಲಿ ಒಂದು ಚಳಿಗಾಲ ಕಳೆದವರಿಗೆ ಗೊತ್ತು.

ಇನ್ನೊಂದು ಗಮನಿಸಿ. ಶೇರಿಂಗ್ಟನ್ ವಾಸಕ್ಕೆ ಆರಿಸಿಕೊಂಡದ್ದು ಮಹಡಿಯನ್ನು. ಸನ್ಯಾಸಿನಿಯರ ಮುಖ್ಯ ಕೋಣೆಗಳೂ ಅಲ್ಲೇ ಇದ್ದವು. ಆ ಕಾಲದ ದೊಡ್ಡ ಮನೆಗಳಲ್ಲಿ ಒಳ್ಳೆಯ ಕೋಣೆಗಳು ಮೇಲೇ ಇರುತ್ತಿದ್ದವು. ನೆಲದ ಮಟ್ಟದ ಮೊಗಸಾಲೆ, ಕಮಾನಿನ ಕೋಣೆಗಳು ಓಡಾಟಕ್ಕೂ ದಾಸ್ತಾನಿಗೂ ಸಾಕು ಅಂತ ಬಿಟ್ಟುಬಿಟ್ಟ. ಅದನ್ನು ಉಳಿಸಬೇಕು ಎಂಬ ಭಕ್ತಿ ಏನೂ ಇರಬೇಕಿಲ್ಲ. ಬದಲಾಯಿಸಿ ಆಗಬೇಕಾದ್ದು ಏನೂ ಇರಲಿಲ್ಲ, ಅಷ್ಟೇ. ನೆಲಮಹಡಿಯಲ್ಲಿ ಮಠ, ಮೇಲೆ ಮನೆ. ಇವತ್ತಿಗೂ ಲೇಕಾಕ್ ಹಾಗೇ ಇದೆ. ಒಂದು ಮೆಟ್ಟಿಲ ಸಾಲು ಹತ್ತಿದರೆ ನೀವು ಮಧ್ಯಯುಗದಿಂದ ಟ್ಯೂಡರ್ ಕಾಲಕ್ಕೆ, ಅಂದರೆ ಎಂಟನೇ ಹೆನ್ರಿಯ ವಂಶ ಆಳುತ್ತಿದ್ದ ಕಾಲಕ್ಕೆ ಬಂದಿರುತ್ತೀರಿ.

ಈಗ ಆ ಎಂಟು ಮೂಲೆಯ ಗೋಪುರ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ನನಗೆ ಇಡೀ ಮನೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ಶೇರಿಂಗ್ಟನ್ ಇಟಲಿ ನೋಡಿ ಬಂದವನು. ಇಂಗ್ಲೆಂಡಿನ ಮನೆಗಳು ಇನ್ನೂ ಹಳೆಯ ರೂಢಿಯಲ್ಲೇ ಕಟ್ಟುತ್ತಿದ್ದ ಹೊತ್ತಿನಲ್ಲಿ, ಇಟಲಿಯ ಹೊಸ ರೀತಿಗೆ ಮನಸೋತ ಕೆಲವೇ ಜನರ ಒಂದು ಗುಂಪಿತ್ತು. ಮುಂದೆ ಲಾಂಗ್‌ಲೀಟ್ ಎಂಬ ದೊಡ್ಡ ಬಂಗಲೆ ಕಟ್ಟಿಸಿದ ಜಾನ್ ಥಿನ್ ಈತನ ಸ್ನೇಹಿತ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕುಶಲಕರ್ಮಿಗಳನ್ನು ಕಳಿಸಿಕೊಡುತ್ತಿದ್ದರು. ಎಂಟನೇ ಹೆನ್ರಿಗೆ ಕೆಲಸ ಮಾಡಿದ ಜಾನ್ ಚಾಪ್‌ಮನ್ ಎಂಬ ಕೆತ್ತನೆಗಾರ ಲೇಕಾಕ್‌ಗೆ ಬಂದ. ಗೋಪುರದ ಕೋಣೆಗಳಲ್ಲಿ ಇರುವ ಕಲ್ಲಿನ ಮೇಜುಗಳು ಅವನ ಕೈಕೆಲಸ ಎಂದು ಬಲ್ಲವರು ಹೇಳುತ್ತಾರೆ.

ಆ ಮೇಜುಗಳನ್ನು ಹತ್ತಿರದಿಂದ ನೋಡಬೇಕು. ಗೋಪುರದ ಹಾಗೇ ಮೇಜಿನ ಹಲಗೆಗೂ ಎಂಟು ಮೂಲೆ. ಪುಟ್ಟ ಕೋಣೆ, ನಡುವೆ ಮೇಜು, ಸುತ್ತ ಒಬ್ಬಿಬ್ಬರು ನಿಲ್ಲುವಷ್ಟು ಜಾಗ. ಒಂದು ಮೇಜನ್ನು ಕುಕ್ಕರಗಾಲಲ್ಲಿ ಕೂತ ಸ್ಯಾಟರ್‌ಗಳು ಹೊತ್ತಿವೆ. ಸ್ಯಾಟರ್ ಅಂದರೆ ಗ್ರೀಕ್ ಪುರಾಣದ ಅರ್ಧ ಮನುಷ್ಯ ಅರ್ಧ ಮೇಕೆ. ಭಾರ ನಿಜಕ್ಕೂ ಅವುಗಳ ಮೇಲೇ ಬಿದ್ದಿದೆ ಅನ್ನಿಸುವಂತೆ ಬೆನ್ನು ಬಾಗಿಸಿದ್ದಾನೆ ಕೆತ್ತಿದವನು. ಚಾವಣಿಯ ಕೆತ್ತನೆಯಲ್ಲಿ ಚೇಳು ಇದೆ, ಅದು ಶೇರಿಂಗ್ಟನ್ ಮನೆತನದ ಗುರುತು. ಕೆಳಗಿನ ಕೋಣೆ ಬೆಲೆಬಾಳುವ ವಸ್ತು, ಕಾಗದಪತ್ರ ಇಡುವ ಭದ್ರ ಕೋಣೆ. ಮೇಲಿನದಕ್ಕೆ ಮನೆಯ ಒಳಗಿನಿಂದ ದಾರಿಯೇ ಇಲ್ಲ. ಚಾವಣಿಗೆ ಹತ್ತಿ, ಸೀಸದ ಹಾಸಿನ ಮೇಲೆ ನಡೆದು ಹೋಗಬೇಕು. ಊಟ ಆದ ಮೇಲೆ ಆಪ್ತರಾದ ಒಂದಿಬ್ಬರನ್ನು ಕರೆದುಕೊಂಡು ಹೋಗಿ, ಹಣ್ಣು, ವೈನ್ ಮುಂದಿಟ್ಟುಕೊಂಡು, ಸುತ್ತಲಿನ ತನ್ನ ಜಮೀನನ್ನು ತೋರಿಸುವುದಕ್ಕೆ ಹೇಳಿಮಾಡಿಸಿದ ಜಾಗ.

ಇಷ್ಟೆಲ್ಲಕ್ಕೂ ದುಡ್ಡು ಎಲ್ಲಿಂದ? ಶೇರಿಂಗ್ಟನ್ ಬ್ರಿಸ್ಟಲ್ ಟಂಕಸಾಲೆಯ ಮುಖ್ಯ ಅಧಿಕಾರಿಯೂ ಆಗಿದ್ದ. ಅಲ್ಲಿ ತೂಕ ಕಡಿಮೆಯ ನಾಣ್ಯ ಹೊಡೆಸಿ, ಲೆಕ್ಕದ ಪುಸ್ತಕ ತಿದ್ದಿ, ಹಣ ನುಂಗಿದ. ಆಗಿನ ರಾಜ ಆರನೇ ಎಡ್ವರ್ಡ್‌ನ ಸೋದರಮಾವ ಥಾಮಸ್ ಸೀಮೋರ್‌ನ ಪಿತೂರಿಗೂ ಆ ಹಣದ ನಂಟಿತ್ತು. 1549ರಲ್ಲಿ ಸಿಕ್ಕಿಬಿದ್ದ. ಸೀಮೋರ್‌ನ ತಲೆ ಹೋಯಿತು. ಶೇರಿಂಗ್ಟನ್ ಎಲ್ಲ ಒಪ್ಪಿಕೊಂಡು ಕ್ಷಮೆ ಪಡೆದ, 12,000 ಪೌಂಡ್‌ಗೂ ಜಾಸ್ತಿ ಕಟ್ಟಿ ಆಸ್ತಿ ಬಿಡಿಸಿಕೊಂಡ. ಕೊಂಡದ್ದು 783ಕ್ಕೆ ಅಂತ ಈಗ ತಾನೇ ಹೇಳಿದೆ. ಆ ದಂಡ ಬೇರೆ ಆಸ್ತಿಗಳನ್ನೂ ಸೇರಿಸಿದ್ದು, ಹಾಗಾಗಿ ಎರಡನ್ನೂ ನೇರ ಹೋಲಿಸುವ ಹಾಗಿಲ್ಲ. ಆದರೂ ಆತ ಎಷ್ಟು ಸಂಪಾದಿಸಿದ್ದ ಎಂಬುದಕ್ಕೆ ಅದು ಸಾಕ್ಷಿ. 1553ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮನೆ ತಮ್ಮ ಹೆನ್ರಿಗೆ ಹೋಯಿತು.

ಹೆನ್ರಿಯ ಮಗಳು ಆಲಿವ್. ಆಕೆಯ ಬಗ್ಗೆ ಒಂದು ಕಥೆ ಆ ಕಡೆಯವರೆಲ್ಲ ಹೇಳುತ್ತಾರೆ. ಜಾನ್ ಟಾಲ್ಬಟ್ ಎಂಬವನನ್ನು ಪ್ರೀತಿಸಿದಳು, ಅಪ್ಪ ಒಪ್ಪಲಿಲ್ಲ. ಒಂದು ರಾತ್ರಿ ಮಾಡಿನ ಅಂಚಿನಲ್ಲಿ ನಿಂತು ಕೆಳಗಿದ್ದ ಅವನ ಜೊತೆ ಮಾತಾಡುತ್ತಿದ್ದವಳು ‘ಹಾರಿಬಿಡುತ್ತೇನೆ’ ಅಂದಳು. ಹಾರಿಯೇ ಬಿಟ್ಟಳು. ಲಂಗ ಗಾಳಿಗೆ ಉಬ್ಬಿ ಅವಳನ್ನು ನಿಧಾನಕ್ಕೆ ಇಳಿಸಿತಂತೆ. ಹಿಡಿಯಲು ಹೋದ ಜಾನ್ ಮಾತ್ರ ಸತ್ತೇ ಹೋದ ಎನ್ನುವ ಹಾಗೆ ಬಿದ್ದನಂತೆ. ‘ಇಷ್ಟರ ಮಟ್ಟಿಗೆ ಹಾರಿದವಳು ಮದುವೆ ಆಗಲಿ ಬಿಡಿ’ ಅಂತ ಅಪ್ಪ ಸೋತನಂತೆ. ಕಥೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ. ಮದುವೆ ಮಾತ್ರ ನಿಜ. ಮನೆ ಟಾಲ್ಬಟ್ ವಂಶಕ್ಕೆ ಬಂದದ್ದು ಹೀಗೆ. ಮುಂದೆಯೂ ಆಸ್ತಿ ಹಲವು ಸಲ ಹೆಣ್ಣುಮಕ್ಕಳ ಕಡೆಯಿಂದಲೇ ಇಳಿದು ಬಂತು. ಶುರು ಮಾಡಿದವಳೂ ಹೆಂಗಸು, ಕೊನೆಗೆ ದಾನ ಕೊಟ್ಟವರೂ ಹೆಂಗಸು.

ಅಲ್ಲಿಂದ ಸುಮಾರು ಇನ್ನೂರು ವರ್ಷ ದಾಟಿಬಿಡೋಣ. 18ನೇ ಶತಮಾನದ ಒಡೆಯ ಜಾನ್ ಐವರಿ ಟಾಲ್ಬಟ್. ಆ ಹೊತ್ತಿಗೆ ಇಂಗ್ಲೆಂಡಿನ ಶ್ರೀಮಂತರಲ್ಲಿ ಹೊಸ ಹುಚ್ಚು ಹಿಡಿದಿತ್ತು. ಮಧ್ಯಯುಗದ ಗೋಥಿಕ್ ಶೈಲಿ, ಅಂದರೆ ಚೂಪು ಕಮಾನು, ಗೂಡು, ಶಿಖರ, ಇವನ್ನೆಲ್ಲ ಮತ್ತೆ ಹೊಸದಾಗಿ ಕಟ್ಟಿಸುವುದು. ಐವರಿ ಟಾಲ್ಬಟ್ 1754-55ರಲ್ಲಿ ಪಶ್ಚಿಮ ದಿಕ್ಕಿನಲ್ಲಿದ್ದ ಹಳೆಯ ಹಾಲ್ ತೆಗೆಸಿ, ಅಲ್ಲಿ ಒಂದು ಗೋಥಿಕ್ ಹಾಲ್ ಕಟ್ಟಿಸಿದ. ನಕ್ಷೆ ಕೊಟ್ಟವನು ಸ್ಯಾಂಡರ್ಸನ್ ಮಿಲ್ಲರ್. ಈತ ಕಸುಬಿನ ವಾಸ್ತುಶಿಲ್ಪಿ ಅಲ್ಲ. ವಾರಿಕ್‌ಶೈರಿನ ಒಬ್ಬ ಜಮೀನ್ದಾರ. ಇದರಲ್ಲಿ ಒಲವಿತ್ತು, ಸ್ನೇಹಿತರು ಕೇಳಿದರೆ ನಕ್ಷೆ ಬರೆದುಕೊಡುತ್ತಿದ್ದ.

ಈ ಹಾಲ್ ನೋಡಿ ಎಷ್ಟೋ ಜನ ‘ಆಹಾ, ಮಠದ ಕಾಲದ್ದು’ ಎನ್ನುತ್ತಾರೆ. ತಪ್ಪು ಅವರದಲ್ಲ, ಹಾಗೆ ಕಾಣಲಿ ಅಂತಲೇ ಕಟ್ಟಿದ್ದು. ಆದರೆ ಒಂದು ನಿಮಿಷ ನಿಂತು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕೆಳಗೆ ಮೊಗಸಾಲೆಯ ಕಲ್ಲಿನ ಪಕ್ಕೆಲುಬುಗಳು ನಿಜವಾಗಿ ಚಾವಣಿಗೆ ಆಧಾರ. ಇಲ್ಲಿ ಮೇಲೆ ಇರುವುದು ಗಾರೆಯ ಬಾಗು ಚಾವಣಿ, ಅದರ ಮೇಲೆ ಸಾಲು ಸಾಲು ಬಣ್ಣದ ಲಾಂಛನಗಳು. ಯಾರ ಲಾಂಛನ? ಐವರಿ ಟಾಲ್ಬಟ್‌ನ ಸ್ನೇಹಿತರು, ನೆಂಟರು, ನೆರೆಯ ಜಮೀನ್ದಾರರು. ಗೋಡೆಯ ಗೂಡುಗಳಲ್ಲಿ ಸುಟ್ಟ ಮಣ್ಣಿನ ಮೂರ್ತಿಗಳಿವೆ. ವಿಕ್ಟರ್ ಅಲೆಕ್ಸಾಂಡರ್ ಸೆಡರ್‌ಬಾಕ್ ಎಂಬ ಹೊರದೇಶದ ಶಿಲ್ಪಿ ಮಾಡಿದ್ದು. ಕಲ್ಲಲ್ಲಿ ಕೆತ್ತುವುದಕ್ಕಿಂತ ಮಣ್ಣಿನಲ್ಲಿ ಕೈ ಬೇಗ ಓಡುತ್ತದೆ. ಆ ಓಟ ಮೂರ್ತಿಗಳ ಮೈಯಲ್ಲಿ ಕಾಣುತ್ತದೆ, ಬಟ್ಟೆಯ ಮಡಿಕೆ, ಕೈ ಬೀಸಿದ ರೀತಿ, ಎಲ್ಲದರಲ್ಲೂ. ಅಲ್ಲೊಂದು ಮೇಕೆ ಇದೆ, ಅದರ ಮೂಗಿನ ಮೇಲೆ ಒಂದು ಸಕ್ಕರೆ ಅಚ್ಚು. 1919ರಲ್ಲಿ ಒಬ್ಬ ವಿದ್ಯಾರ್ಥಿ ಇಟ್ಟದ್ದಂತೆ. ಇವತ್ತಿಗೂ ಮೂಗಿನ ಮೇಲೆ ಸಕ್ಕರೆ ಇದೆ.

ಇದನ್ನು ‘ನಕಲಿ’ ಎಂದು ತಳ್ಳಿಹಾಕುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಈ ಹಾಲ್‌ಗೆ ಈಗ 270 ವರ್ಷ. ಮಠದ ಬಗ್ಗೆ 1755ರ ಒಬ್ಬ ಜಮೀನ್ದಾರನಿಗೆ ಯಾವ ಕಲ್ಪನೆ ಇತ್ತು ಎಂದು ಹೇಳುವ ದಾಖಲೆ ಇದು. ಅವನಿಗೆ ತನ್ನ ಮನೆ ಒಂದು ಕಾಲದಲ್ಲಿ ಮಠವಾಗಿತ್ತು ಎಂಬುದು ಹೆಮ್ಮೆಯ ವಿಷಯ ಆಗಿತ್ತು. ಶೇರಿಂಗ್ಟನ್‌ಗೆ ಆ ಹೆಮ್ಮೆ ಇರಲಿಲ್ಲ, ಅವನು ಇಟಲಿಯ ಕಡೆ ಮುಖ ಮಾಡಿದ್ದ. ಇಬ್ಬರೂ ತಮ್ಮ ಕಾಲದ ಹೊಸ ರುಚಿಯನ್ನೇ ಹಿಂಬಾಲಿಸಿದರು. ಒಬ್ಬನಿಗೆ ಹೊಸದು ಎಂದರೆ ರೋಮ್, ಇನ್ನೊಬ್ಬನಿಗೆ ಹೊಸದು ಎಂದರೆ ಹಳೆಯ ಇಂಗ್ಲೆಂಡು.

ಈಗ ಆ ಮೂರು ಕಿಟಕಿಗಳಿಗೆ ಬರೋಣ. ಮುಂದೆ ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಹುಟ್ಟಿದ್ದು 1800ರಲ್ಲಿ. ಕೂಸಿಗೆ ಆರು ತಿಂಗಳೂ ಆಗಿರಲಿಲ್ಲ, ಅಪ್ಪ ತೀರಿಕೊಂಡ. ಬಿಟ್ಟು ಹೋದದ್ದು ಮನೆ, ಜಮೀನು, ಮತ್ತೆ ಮೈತುಂಬ ಸಾಲ. ತಾಯಿ ಲೇಡಿ ಎಲಿಜಬೆತ್ ಗಟ್ಟಿಗಿತ್ತಿ. ಮನೆಯನ್ನು ಬಾಡಿಗೆಗೆ ಕೊಟ್ಟು, ತಾವು ನೆಂಟರ ಮನೆಗಳಲ್ಲಿ ಇದ್ದು, ಸಾಲ ತೀರಿಸಿದಳು. 1827ರಲ್ಲಿ ಸಂಸಾರ ಲೇಕಾಕ್‌ಗೆ ಬಂದು ನೆಲೆಸಿತು. ಬಂದವರು ಸುಮ್ನೆ ಕೂರಲಿಲ್ಲ. ದಕ್ಷಿಣದ ಮೊಗಸಾಲೆಯ ಮೇಲಿನ ಉದ್ದನೆಯ ಪಡಸಾಲೆಗೆ ಬೆಳಕು ಬರಲಿ ಅಂತ, ಅದೇ ಹಳೆಯ ಚರ್ಚಿನ ಗೋಡೆಯನ್ನು ಕೊರೆಸಿ, ಮೂರು ಹೊರಚಾಚು ಕಿಟಕಿ ಕೂರಿಸಿದರು. ಓರಿಯಲ್ ಎನ್ನುತ್ತಾರೆ ಅದಕ್ಕೆ. 1830ರ ಹೊತ್ತಿಗೆ ಕೆಲಸ ಮುಗಿದಿತ್ತು. ಸೀಸದ ಪಟ್ಟಿಯಲ್ಲಿ ಕೂರಿಸಿದ ಸಣ್ಣ ಸಣ್ಣ ಗಾಜಿನ ಚೌಕಗಳು.

1833ರ ಅಕ್ಟೋಬರ್‌ನಲ್ಲಿ ಟಾಲ್ಬಟ್ ಹೆಂಡತಿ ಕಾನ್‌ಸ್ಟನ್ಸ್ ಜೊತೆ ಇಟಲಿಯ ಕೋಮೋ ಸರೋವರದ ದಡದಲ್ಲಿದ್ದ. ಜೊತೆಯಲ್ಲಿದ್ದವರು ಚಿತ್ರ ಬರೆಯುತ್ತಿದ್ದರು, ಇವನಿಗೆ ಕೈ ಬರಲಿಲ್ಲ. ಚಿತ್ರ ಬರೆಯಲು ನೆರವಾಗುವ ಸಾಧನ ಇಟ್ಟುಕೊಂಡೂ ಆಗಲಿಲ್ಲ. ಬೆಳಕೇ ತಾನಾಗಿ ಕಾಗದದ ಮೇಲೆ ಚಿತ್ರ ಮೂಡಿಸುವ ಹಾಗಾದರೆ ಎಂಬ ಯೋಚನೆ ಬಂದದ್ದು ಅಲ್ಲಿ. ಮನೆಗೆ ಬಂದ ಮೇಲೆ ಪ್ರಯೋಗ ಶುರು. ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ, ಅದಕ್ಕೆ ಸಿಲ್ವರ್ ನೈಟ್ರೇಟ್ ಹಚ್ಚಿದರೆ, ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ. ಬೆಳಕು ಬೀಳದ ಕಡೆ ಬಿಳಿ ಉಳಿಯುತ್ತದೆ. ಪುಟ್ಟ ಮರದ ಪೆಟ್ಟಿಗೆಗಳಿಗೆ ಮಸೂರ ಕೂರಿಸಿ ಮನೆಯ ಸುತ್ತ ಅಲ್ಲಲ್ಲಿ ಇಡುತ್ತಿದ್ದ. ಕಾನ್‌ಸ್ಟನ್ಸ್ ಅವನ್ನು ಇಲಿಬೋನು ಅಂತ ಕರೆಯುತ್ತಿದ್ದಳು.

1835ರ ಆಗಸ್ಟ್‌ನಲ್ಲಿ ಅಂಥ ಒಂದು ಪೆಟ್ಟಿಗೆಯನ್ನು ದಕ್ಷಿಣದ ಪಡಸಾಲೆಯ ಒಳಗೆ ಕಿಟಕಿಗೆ ಎದುರಾಗಿ ಇಟ್ಟ. ಕಿಟಕಿಯೇ ಏಕೆ ಎಂದರೆ, ಆ ಕಾಗದಕ್ಕೆ ಬಹಳ ಹೊತ್ತು ಬೆಳಕು ಬೇಕು, ಮನೆಯೊಳಗೆ ಕಿಟಕಿಗಿಂತ ಬೆಳಕಿನದು ಬೇರೇನಿದೆ. ಮೂಡಿದ ಚಿತ್ರ ಒಂದೂವರೆ ಇಂಚಿಗಿಂತ ಚಿಕ್ಕದು. ಬೆಳಗುವ ಗಾಜು ಕಪ್ಪಾಗಿ, ಕಪ್ಪು ಪಟ್ಟಿಗಳು ಬಿಳಿಯಾಗಿ ಬಂದವು. ಇವತ್ತಿಗೆ ಉಳಿದಿರುವ ಅತ್ಯಂತ ಹಳೆಯ ಫೋಟೋ ನೆಗೆಟಿವ್ ಅದು. ಅದರ ಪಕ್ಕದಲ್ಲಿ ಟಾಲ್ಬಟ್ ಬರೆದುಕೊಂಡಿದ್ದಾನೆ: ಹೊಸದಾಗಿದ್ದಾಗ ಸುಮಾರು 200 ಗಾಜಿನ ಚೌಕಗಳನ್ನು ಮಸೂರ ಹಿಡಿದು ಎಣಿಸಬಹುದಾಗಿತ್ತು ಅಂತ.

ಒಂದು ಕ್ಷಣ ಇಲ್ಲೇ ನಿಲ್ಲೋಣ. ಆ ಚಿತ್ರವನ್ನು ಪುಸ್ತಕಗಳಲ್ಲಿ ನೋಡಿದವರು, ಎಂಥ ಪುರಾತನ ಕಿಟಕಿ ಎಂದುಕೊಳ್ಳುತ್ತಾರೆ. ಚಿತ್ರ ತೆಗೆದಾಗ ಆ ಕಿಟಕಿಗೆ ಹತ್ತು ವರ್ಷವೂ ಆಗಿರಲಿಲ್ಲ. ಶೇರಿಂಗ್ಟನ್ ಚರ್ಚು ಕೆಡವದೆ ಇದ್ದಿದ್ದರೆ ಆ ಗೋಡೆಯ ಆಚೆ ಬೆಳಕೇ ಇರುತ್ತಿರಲಿಲ್ಲ. ಟಾಲ್ಬಟ್ ಮನೆಯವರು ‘ಪುರಾತನ ಗೋಡೆ, ಮುಟ್ಟಬಾರದು’ ಅಂದುಕೊಂಡಿದ್ದರೆ ಕಿಟಕಿ ಇರುತ್ತಿರಲಿಲ್ಲ. ಮಧ್ಯಯುಗದ ಗೋಡೆ, ಟ್ಯೂಡರ್ ಒಡೆಯನ ಕೆಡವುವಿಕೆ, 19ನೇ ಶತಮಾನದ ಕೊರೆತ, ಮೂರೂ ಸೇರಿ ಆ ಒಂದೂವರೆ ಇಂಚಿನ ಕಾಗದದಲ್ಲಿವೆ. ಟಾಲ್ಬಟ್‌ಗೂ ಇದರ ಅರಿವಿತ್ತು. 1839ರಲ್ಲಿ ತನ್ನ ಶೋಧವನ್ನು ವಿದ್ವಾಂಸರ ಮುಂದಿಟ್ಟಾಗ, ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಮೊದಲ ಕಟ್ಟಡ ಇದು ಎಂದು ಈ ಮನೆಯ ಬಗ್ಗೆ ಹೇಳಿದ.

ಇದಕ್ಕೂ ನಮ್ಮ ಕಡೆಗೂ ಒಂದು ನಿಜವಾದ ಕೊಂಡಿ ಇದೆ. ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕಾಗದದ ನೆಗೆಟಿವ್ ವಿಧಾನವನ್ನು ಬೇರೆಯವರು ಸುಧಾರಿಸಿದರು. ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು ಎಂಬುದು ಅದರ ದೊಡ್ಡ ಗುಣ. 1854ರ ಡಿಸೆಂಬರ್‌ನಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಲೀನಿಯಸ್ ಟ್ರೈಪ್ ಬೇಲೂರು, ಹಳೇಬೀಡು ದೇವಾಲಯಗಳ ಫೋಟೋ ತೆಗೆದದ್ದು ಕಾಗದದ ನೆಗೆಟಿವ್‌ನಲ್ಲೇ. ಮರುವರ್ಷ ಮುಂಬಯಿ ಸರ್ಕಾರದ ಪರವಾಗಿ ಥಾಮಸ್ ಬಿಗ್ಸ್ ವಿಜಯಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದದ್ದೂ ಹಾಗೆಯೇ. ನಮ್ಮ ಈ ಕಟ್ಟಡಗಳ ಅತ್ಯಂತ ಹಳೆಯ ಫೋಟೋಗಳಲ್ಲಿ ಇವು ಸೇರಿವೆ. ಆ ಕಾಲದಲ್ಲಿ ಯಾವ ಕಂಬ ಎಲ್ಲಿತ್ತು, ಯಾವ ಗೋಡೆಯ ಮೇಲೆ ಗಿಡ ಬೆಳೆದಿತ್ತು ಅಂತ ನೋಡಲು ನಮಗೆ ಇವತ್ತು ಇವೇ ಆಧಾರ.

ಟಾಲ್ಬಟ್ 1877ರಲ್ಲಿ ತೀರಿಕೊಂಡ. ಮಗ ಚಾರ್ಲ್ಸ್ ಹೆನ್ರಿ ಟಾಲ್ಬಟ್ ಮದುವೆ ಆಗಲಿಲ್ಲ, ಇಡೀ ಬದುಕನ್ನು ಈ ಕಟ್ಟಡ ಓದುವುದಕ್ಕೇ ಕೊಟ್ಟ ಅಂದರೂ ತಪ್ಪಾಗದು. ಹುಲ್ಲಿನ ಕೆಳಗೆ ಚರ್ಚಿನ ಅಡಿಪಾಯ ಹುಡುಕಿದ. ಮೊಗಸಾಲೆಯ ಕಡೆ ಮುಚ್ಚಿಹೋಗಿದ್ದ ಹಳೆಯ ಕಮಾನುಗಳನ್ನು ಬಿಡಿಸಿದ. 1900ರ ಸುಮಾರಿಗೆ ಹೆರಾಲ್ಡ್ ಬ್ರೇಕ್‌ಸ್ಪಿಯರ್ ಎಂಬ ವಾಸ್ತುಶಿಲ್ಪಿ ಮಠದ ಭಾಗಗಳ ವಿವರವಾದ ಅಧ್ಯಯನ ಪ್ರಕಟಿಸಿದ. ಇಲ್ಲಿ ನಾನು ಎತ್ತಿ ಹೇಳಬೇಕಾದದ್ದು, ಚಾರ್ಲ್ಸ್ ಏನು ಮಾಡಲಿಲ್ಲ ಎಂಬುದನ್ನು. ಮಠದ ಕಾಲವನ್ನು ಅಷ್ಟು ಪ್ರೀತಿಸಿದವನು, ಅದನ್ನು ‘ಶುದ್ಧ’ ಮಾಡುತ್ತೇನೆ ಅಂತ ಶೇರಿಂಗ್ಟನ್‌ನ ಗೋಪುರಕ್ಕೋ ಮಿಲ್ಲರ್‌ನ ಹಾಲ್‌ಗೋ ಕೈ ಹಚ್ಚಲಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಎಷ್ಟೋ ಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಲ್ಲಿ ಕೆರೆದು, ನಡುವಿನ ಶತಮಾನಗಳನ್ನೆಲ್ಲ ಕಿತ್ತು ಹಾಕುತ್ತಿದ್ದರು. ಅದನ್ನು ತಡೆಯಲೆಂದೇ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಹುಟ್ಟಿಕೊಂಡಿತ್ತು.

ಚಾರ್ಲ್ಸ್ ನಂತರ ಮನೆ ಸೋದರ ಸೊಸೆ ಮಟಿಲ್ಡಾ ಪಾಲಿಗೆ ಬಂತು. ಅವರು 1944ರಲ್ಲಿ ಮನೆಯನ್ನೂ, ಜೊತೆಗೆ ಇಡೀ ಲೇಕಾಕ್ ಹಳ್ಳಿಯನ್ನೂ ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಮ್ಯಾಗ್ನಾ ಕಾರ್ಟಾ ಪ್ರತಿಯನ್ನು ಮ್ಯೂಸಿಯಂಗೆ ಕೊಟ್ಟವರೂ ಅವರೇ.

ಮಾತು ಮುಗಿದ ಮೇಲೆ ಒಬ್ಬರು ಒಂದು ಪ್ರಶ್ನೆ ಕೇಳಿದರು: ಇಷ್ಟು ಕಾಲ ಸೇರಿರುವ ಮನೆಯನ್ನು ಈಗ ದುರಸ್ತಿ ಮಾಡುವಾಗ ಯಾವ ಕಾಲದ ರೂಪಕ್ಕೆ ತರಬೇಕು? ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ ನೋಡಿ. ಎಲಾ ಕಾಲಕ್ಕೆ ತರಬೇಕು ಎಂದರೆ ಗೋಪುರ, ಹಾಲ್, ಮೂರು ಕಿಟಕಿ, ಮೊಗಸಾಲೆಯ ಚಾವಣಿಯನ್ನೂ ತೆಗೆಯಬೇಕು, ಆಮೇಲೆ ಚರ್ಚನ್ನು ಊಹೆಯ ಮೇಲೆ ಹೊಸದಾಗಿ ಕಟ್ಟಬೇಕು. ಶೇರಿಂಗ್ಟನ್ ಕಾಲಕ್ಕೆ ಎಂದರೆ ಫೋಟೋದ ಕಿಟಕಿ ಮುಚ್ಚಬೇಕು. ಯಾವ ಒಂದು ಕಾಲವನ್ನು ಆರಿಸಿದರೂ ಕೈಗೆ ಬರುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ. ಹಾಗಾಗಿ ಇರುವುದನ್ನು ಇರುವ ಹಾಗೆ ಗಟ್ಟಿ ಮಾಡುವುದು, ಸೋರುವ ಮಾಡು ಸರಿಪಡಿಸುವುದು, ನಶಿಸುವ ಕಲ್ಲಿಗೆ ಹೊಂದುವ ಕಲ್ಲು ಹಾಕುವುದು, ಇಷ್ಟೇ ದಾರಿ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಇಂಗ್ಲೆಂಡಿಗೆ ಹೋಗುವವರು, ಮಕ್ಕಳು ಅಲ್ಲಿರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಲಂಡನ್ ಪ್ಯಾಡಿಂಗ್ಟನ್‌ನಿಂದ ಚಿಪ್ಪನ್‌ಹ್ಯಾಮ್‌ಗೆ ನೇರ ರೈಲು ಇದೆ, ಅಲ್ಲಿಂದ ಲೇಕಾಕ್ ಹತ್ತಿರವೇ. ಮನೆಯ ಗೇಟಿನ ಬಳಿ ಹಳೆಯ ಕಣಜವೊಂದರಲ್ಲಿ ಫಾಕ್ಸ್ ಟಾಲ್ಬಟ್ ಮ್ಯೂಸಿಯಂ ಇದೆ. ಆ ಮೊದಲ ನೆಗೆಟಿವ್ ಅಲ್ಲಿ ಸಿಗುವುದಿಲ್ಲ, ಅದು ಸೈನ್ಸ್ ಮ್ಯೂಸಿಯಂ ಗ್ರೂಪ್‌ನ ಸಂಗ್ರಹದಲ್ಲಿದೆ. ಮೊಗಸಾಲೆ ಮೊದಲು ನೋಡಿ, ಆಮೇಲೆ ಮಹಡಿ ಹತ್ತಿ. ಕುದುರೆ ಲಾಯದ ಅಂಗಳವನ್ನು ಆತುರದಲ್ಲಿ ಬಿಟ್ಟುಬಿಡಬೇಡಿ. ಶೇರಿಂಗ್ಟನ್ ಕಾಲದ ಬಿಯರ್ ಭಟ್ಟಿ ಅಲ್ಲಿದೆ, ಕುದಿಸುವ ಹಂಡೆ, ತಣಿಸುವ ತೊಟ್ಟಿ ಎಲ್ಲ ಸಮೇತ. ದೊಡ್ಡ ಮನೆಯಲ್ಲಿ ಆಳುಗಳು ಸೇರಿ ಎಲ್ಲರೂ ದಿನಾ ಕುಡಿಯುತ್ತಿದ್ದದ್ದು ಇಂಥ ಕಡೆ ತಯಾರಾದ ತೆಳು ಬಿಯರನ್ನೇ.